ಪೂರ್ವ ಬಾಲಿಯಲ್ಲಿ ಎಲ್ಲಿ ಉಳಿಯುವುದು: ಸಿಡೆಮೆನ್, ಚಂಡಿದಾಸ, ತೀರ್ಥ ಗಂಗಾ, ಅಮೆಡ್

"ಬಾಲಿಗೆ ಟಿಕೆಟ್ ಆಗಿದೆ. ಕುಟಾ ಬೇಡ, ಉಬುಡ್‌ನಲ್ಲಿ ವಿಪರೀತ ಟ್ರಾಫಿಕ್ ಅಂತೆ. ಎಲ್ಲಾದರೂ ಸುಮ್ನೆ ನಾಲ್ಕು ದಿನ ಇದ್ದು ಬರುವಂಥ ಜಾಗ ಹೇಳಿ." ಈ ಮಾತನ್ನು ಇತ್ತೀಚೆಗೆ ಎಷ್ಟು ಜನರಿಂದ ಕೇಳಿದೆನೋ ಲೆಕ್ಕವಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲಂತೂ ನಮ್ಮ ಆಫೀಸಿನಲ್ಲಿ ಅರ್ಧ ಜನ ಬಾಲಿಗೆ ಹೋಗಿ ಬಂದಿದ್ದಾರೆ, ಉಳಿದರ್ಧ ಹೊರಟಿದ್ದಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ ಹೆಸರು, ಕರಾಂಗಾಸೆಮ್. ಬಾಲಿಯ ಪೂರ್ವ ತುದಿಯ ಜಿಲ್ಲೆ ಅದು. ಆದರೆ ಅಷ್ಟು ಹೇಳಿದರೆ ಮುಗಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮೆಸೇಜ್ ಬರುತ್ತದೆ: "ಸಿಡೆಮೆನ್ನಾ, ಅಮೆಡ್ಡಾ? ಚಂಡಿದಾಸ ಅಂತ ಇನ್ನೊಂದು ತೋರಿಸ್ತಿದೆಯಲ್ಲ, ಅದು ಹೇಗೆ?"

ಅದಕ್ಕೆ ಒಂದೇ ಸಲ ಕೂತು ಬರೆದುಬಿಡುತ್ತಿದ್ದೇನೆ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಇಬ್ಬರು ಗೆಳೆಯರ ಜೊತೆ, ಸ್ಕೂಟರ್ ಮೇಲೆ, ಆದಷ್ಟು ಕಡಿಮೆ ಖರ್ಚಿನಲ್ಲಿ. ಎರಡನೇ ಸಲ ಅಪ್ಪ, ಅಮ್ಮ, ಹೆಂಡತಿ, ಎಂಟು ವರ್ಷದ ಮಗಳು ಎಲ್ಲರನ್ನೂ ಕಟ್ಟಿಕೊಂಡು. ಜಿಲ್ಲೆ ಅದೇ, ಆದರೆ ಎರಡನೇ ಸಲ ಬೇರೆ ದೇಶಕ್ಕೆ ಹೋದ ಹಾಗಿತ್ತು.

ಊರುಗಳ ಮಾತಿಗೆ ಮೊದಲು ಬೆಟ್ಟದ ವಿಷಯ ಹೇಳಬೇಕು. ಜಿಲ್ಲೆಯ ನಡುವೆ ಗುನುಂಗ್ ಅಗುಂಗ್ ಕೂತಿದೆ. 3,000 ಮೀಟರಿಗಿಂತ ಎತ್ತರದ, ಇನ್ನೂ ಜೀವಂತವಾಗಿರುವ ಜ್ವಾಲಾಮುಖಿ. ಹೆಸರು ಕೇಳಿದರೆ ನಮಗೆ ಆಗುಂಬೆ ನೆನಪಾಗುತ್ತದೆ, ಸಂಬಂಧ ಏನೂ ಇಲ್ಲ ಬಿಡಿ. ಮಳೆ ಮೋಡವೆಲ್ಲ ಬೆಟ್ಟದ ದಕ್ಷಿಣದ ಮಗ್ಗುಲಿಗೆ ಬಡಿದು ಅಲ್ಲೇ ಸುರಿಯುತ್ತದೆ. ಹಾಗಾಗಿ ಆ ಕಡೆ ಭತ್ತದ ಗದ್ದೆ, ತೊರೆ, ಬಾಳೆ, ತೆಂಗು. ಬೆಟ್ಟ ದಾಟಿ ಈಶಾನ್ಯಕ್ಕೆ ಬಂದರೆ ಮಳೆಯೇ ಕಮ್ಮಿ. ಒಣ ಗುಡ್ಡ, ತಾಳೆ ಮರ, ಜೋಳ, ಮರಗೆಣಸು, ಕಪ್ಪು ಕಲ್ಲಿನ ಕಡಲ ತೀರ, ಉಪ್ಪು. ಮಲೆನಾಡಿನಿಂದ ಘಟ್ಟ ಇಳಿಯದೆ ಪೂರ್ವಕ್ಕೆ ಬಂದರೆ ಬಯಲುಸೀಮೆ ಸಿಗುತ್ತದಲ್ಲ, ಹಾಗೆ. ನಮ್ಮಲ್ಲಿ ಅದಕ್ಕೆ ಅರ್ಧ ದಿನ ಬೇಕು, ಅಲ್ಲಿ ಒಂದೂವರೆ ಗಂಟೆ ಸಾಕು. ಆದ್ದರಿಂದ ಸಿಡೆಮೆನ್ನಾ ಅಮೆಡ್ಡಾ ಅಂತ ತಲೆ ಕೆಡಿಸಿಕೊಳ್ಳುವ ಬದಲು, ಬೆಟ್ಟದ ಹಸಿ ಮಗ್ಗುಲು ಬೇಕಾ, ಒಣ ಮಗ್ಗುಲು ಬೇಕಾ ಅಂತ ಮೊದಲು ಕೇಳಿಕೊಳ್ಳಿ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ಎಷ್ಟು ರಾತ್ರಿ ಇದೆ? ಇದು ಎಲ್ಲಕ್ಕಿಂತ ಮುಖ್ಯ. ವಿಮಾನ ನಿಲ್ದಾಣ ಇರುವುದು ಬಾಲಿಯ ದಕ್ಷಿಣ ತುದಿಯಲ್ಲಿ. ಅಲ್ಲಿಂದ ಸಿಡೆಮೆನ್ ಅಥವಾ ಚಂಡಿದಾಸಕ್ಕೆ ಒಂದೂವರೆಯಿಂದ ಎರಡು ಗಂಟೆ, ತೀರ್ಥ ಗಂಗಾಕ್ಕೆ ಎರಡು ಗಂಟೆಗೆ ಸ್ವಲ್ಪ ಜಾಸ್ತಿ, ಅಮೆಡ್‌ಗೆ ಎರಡೂವರೆಯಿಂದ ಮೂರು ಗಂಟೆ. ಎರಡೇ ರಾತ್ರಿ ಇದ್ದರೆ ಅಮೆಡ್ ಬಿಟ್ಟುಬಿಡಿ. ಹೋಗುವುದಕ್ಕೆ ಅರ್ಧ ದಿನ, ಬರುವುದಕ್ಕೆ ಅರ್ಧ ದಿನ, ನಡುವೆ ಉಳಿಯುವುದು ಒಂದೇ ದಿನ.

ನೀರಿಗೆ ಇಳಿಯುತ್ತೀರಾ? ಕಡಲನ್ನು ದೂರದಿಂದ ನೋಡಿ ಫೋಟೋ ತೆಗೆಯುವವರು, ಕಾಲು ನೆನೆಸುವವರು, ಸ್ನಾರ್ಕೆಲಿಂಗ್ ಮುಖವಾಡ ಹಾಕಿಕೊಂಡು ತಲೆ ಮುಳುಗಿಸುವವರು, ಈ ಮೂರೂ ಜನಕ್ಕೆ ಬೇರೆ ಬೇರೆ ಊರು. ಇದನ್ನು ಪ್ರಾಮಾಣಿಕವಾಗಿ ಯೋಚಿಸಿ. ನಮ್ಮಲ್ಲಿ ಬಹಳ ಜನ "ಬೀಚ್ ಬೇಕು" ಅನ್ನುತ್ತಾರೆ, ಅವರಿಗೆ ನಿಜವಾಗಿ ಬೇಕಾಗಿರುವುದು ಸಂಜೆ ಒಂದು ಗಂಟೆ ಮರಳಿನ ಮೇಲೆ ನಡೆದಾಟ.

ಗಾಡಿ ಯಾರು ಓಡಿಸುತ್ತಾರೆ? ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅದೊಂದು ಸಲೀಸು. ಆದರೆ ಸ್ಕೂಟರಿಗೆ ದ್ವಿಚಕ್ರ ನಮೂದಾಗಿರುವ ಅಂತರರಾಷ್ಟ್ರೀಯ ಲೈಸೆನ್ಸ್ ಬೇಕು. ಇಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ನನ್ನ ಗೆಳೆಯ ಅಮೆಡ್‌ನ ಒಂದು ಇಳಿಜಾರಿನಲ್ಲಿ ಜಾರಿ ಮೊಣಕೈ ಕಿತ್ತುಕೊಂಡ. ಲೈಸೆನ್ಸ್ ಇರಲಿಲ್ಲ, ಕ್ಲಿನಿಕ್ಕಿನ ದುಡ್ಡು ಪೂರ್ತಿ ಅವನ ಜೇಬಿನಿಂದಲೇ ಹೋಯಿತು. ಊಬರ್, ಓಲಾ ಥರದ ಆ್ಯಪ್ ಟ್ಯಾಕ್ಸಿಗಳನ್ನು ದಕ್ಷಿಣ ಬಾಲಿಯಲ್ಲಿ ನಂಬಬಹುದು, ಈ ಕಡೆ ನಂಬಬೇಡಿ. ಡ್ರೈವರ್ ಸಮೇತ ಕಾರು ದಿನಕ್ಕೆ ಗೊತ್ತು ಮಾಡಿಕೊಳ್ಳುವುದು ವಾಡಿಕೆ. ನಾವು ದಿನಕ್ಕೆ 7 ಲಕ್ಷ ಕೊಟ್ಟೆವು. ಗಾಬರಿಯಾಗಬೇಡಿ, ರುಪಿಯಾ! ಒಂದು ಲಕ್ಷ ರುಪಿಯಾ ಅಂದರೆ ನಮ್ಮ 500–550 ರೂಪಾಯಿ. ಅಲ್ಲಿ ಕಾಲಿಟ್ಟ ಕೂಡಲೇ ಎಲ್ಲರೂ ಲಕ್ಷಾಧೀಶರೇ.

ಊಟ. ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ, ಆಮೇಲೆ ಪ್ರತ್ಯೇಕವಾಗಿ ಹೇಳುತ್ತೇನೆ. ಜೊತೆಗೆ ಯಾರು ಬರುತ್ತಾರೆ, ಮೆಟ್ಟಿಲು ಹತ್ತುತ್ತಾರಾ, ಅದನ್ನೂ ನೋಡಿಕೊಳ್ಳಿ. ಕರಾಂಗಾಸೆಮ್ ಪೂರ್ತಿ ಮೆಟ್ಟಿಲುಗಳ ಜಿಲ್ಲೆ.

ಸಿಡೆಮೆನ್

ಬೆಟ್ಟದ ಹಸಿ ಮಗ್ಗುಲಿನ ಕಣಿವೆ. ಮೂವತ್ತು ವರ್ಷದ ಹಿಂದೆ ಉಬುಡ್ ಹೀಗಿತ್ತು ಅಂತ ಎಲ್ಲರೂ ಹೇಳುತ್ತಾರೆ. ಮೂವತ್ತು ವರ್ಷದ ಹಿಂದಿನ ಉಬುಡ್ ನಾನು ನೋಡಿಲ್ಲ, ಆದರೆ ಇಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ವರಾಂಡದಲ್ಲಿ ಕೂತರೆ, ಕೆಳಗೆ ಮೆಟ್ಟಿಲು ಮೆಟ್ಟಿಲಾದ ಗದ್ದೆ, ಅದರಾಚೆ ನದಿ, ಅದರ ಮೇಲೆ ಮೋಡ ಏರುವ ಮೊದಲು ಒಂದು ಗಂಟೆ ಹೊತ್ತು ಪೂರ್ತಿಯಾಗಿ ಕಾಣುವ ಅಗುಂಗ್, ಇಷ್ಟಕ್ಕೇ ಹೋದ ದುಡ್ಡು ವಸೂಲಾಯಿತು ಅನಿಸುತ್ತದೆ. ಎಂಟು ಗಂಟೆ ಹೊತ್ತಿಗೆ ಬೆಟ್ಟ ಮೋಡದೊಳಗೆ ಹೋಗಿಬಿಡುತ್ತದೆ. ತಡವಾಗಿ ಏಳುವವರು ಮೂರು ದಿನ ಇದ್ದರೂ ಬೆಟ್ಟ ನೋಡದೆ ವಾಪಸ್ ಬರಬಹುದು.

ಮಾಡುವುದಕ್ಕೆ ಏನಿದೆ ಅಂದರೆ, ಗದ್ದೆ ಬದುವಿನ ಮೇಲೆ ನಡೆಯುವುದು. ಕೈಮಗ್ಗದ ಮನೆಗಳಿಗೆ ಹೋಗುವುದು. ಇಲ್ಲಿ ಎಂಡೆಕ್ ಮತ್ತು ಸೊಂಗ್‌ಕೆಟ್ ನೇಯುತ್ತಾರೆ, ಸೊಂಗ್‌ಕೆಟ್ ಅಂದರೆ ನಮ್ಮ ಜರಿ ಸೀರೆಯ ಹತ್ತಿರದ ಸಂಬಂಧಿ ಅನ್ನಬಹುದು. ಹತ್ತಿರದ ತೆಲಾಗಾ ವಾಜಾ ನದಿಯಲ್ಲಿ ರಾಫ್ಟಿಂಗ್ ಇದೆ. ಬೆಸಾಕಿ ದೇವಸ್ಥಾನ ಇಲ್ಲಿಂದಲೇ ಹತ್ತಿರ. ಬಾಲಿಯ ಎಲ್ಲ ದೇವಸ್ಥಾನಗಳಿಗೂ ತಾಯಿ ಅನ್ನುವ ಬೆಸಾಕಿ ಅಗುಂಗ್‌ನ ಮೈಮೇಲೇ ಇದೆ. 1963ರಲ್ಲಿ ಅಲ್ಲಿ ನೂರು ವರ್ಷಕ್ಕೊಮ್ಮೆ ನಡೆಯುವ ಏಕಾದಶ ರುದ್ರ ಪೂಜೆ ನಡೆದಿತ್ತು. ಅದೇ ವರ್ಷ ಬೆಟ್ಟ ಸ್ಫೋಟಿಸಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ದೇವಸ್ಥಾನದ ಪಕ್ಕದಲ್ಲೇ ಹಾದು ಹೋಯಿತು, ದೇವಸ್ಥಾನ ಉಳಿಯಿತು. ಅಲ್ಲಿಯ ಗೈಡ್ ಇದನ್ನು ಹೇಳುವಾಗ ನಮ್ಮಮ್ಮ ಕೈ ಮುಗಿದುಕೊಂಡೇ ನಿಂತಿದ್ದರು.

ಸಿಡೆಮೆನ್‌ನ ಕಷ್ಟ ಏನು ಅಂದರೆ ಕಡಲಿಲ್ಲ. ಸಂಜೆ ಏಳಾದರೆ ಊರು ಮಲಗುತ್ತದೆ, ಎರಡು ದಿನಕ್ಕೆ ಮಕ್ಕಳಿಗೆ ಬೇಜಾರು ಬರುತ್ತದೆ. ನನ್ನ ಮಗಳು ಎರಡನೇ ದಿನ ಸಂಜೆಗೇ "ಪಪ್ಪಾ, ಇಲ್ಲಿ ಬರೀ ಗದ್ದೇನಾ?" ಅಂದಳು. ಈಜುಕೊಳ ಇರುವ ಹೋಂಸ್ಟೇ ಹಿಡಿದಿದ್ದಕ್ಕೆ ಬಚಾವಾದೆವು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ ಇಲ್ಲಿ ಸರಿಯಾಗಿಯೇ ಸುರಿಯುತ್ತದೆ, ಬದುಗಳು ಜಾರುತ್ತವೆ. ನಗದು ಮೊದಲೇ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಕ್ಲುಂಗ್‌ಕುಂಗ್ ದೊಡ್ಡ ಊರು, ಅಲ್ಲೇ ಎಟಿಎಂ ಕೆಲಸ ಮುಗಿಸಿ.

ಚಂಡಿದಾಸ

ಕ್ಯಾಂಡಿಡಾಸಾ ಅಂತ ಓದಬೇಡಿ. ಅವರ ಭಾಷೆಯಲ್ಲಿ ಇಂಗ್ಲಿಷ್ ಸಿ ಅಕ್ಷರಕ್ಕೆ ಚ ಅಂತಲೇ ಉಚ್ಚಾರ. ಚಂಡಿದಾಸ ಅಂದರೆ ನಮ್ಮ ಬಾಯಿಗೆ ಎಷ್ಟು ಸಲೀಸು ನೋಡಿ.

ಒಂದು ಕಾಲಕ್ಕೆ ಇದು ಒಳ್ಳೆ ಬೀಚ್ ಊರಾಗಿತ್ತು. 1970–80ರ ದಶಕದಲ್ಲಿ ಕಟ್ಟಡಗಳ ಕೆಲಸಕ್ಕೆ ಸುಣ್ಣ ಬೇಕು ಅಂತ ಎದುರಿನ ಹವಳದ ದಿಬ್ಬವನ್ನು ಕಡಿದು ಸುಟ್ಟರು. ಅಲೆ ತಡೆಯುವ ಗೋಡೆಯೇ ಹೋದ ಮೇಲೆ ಕಡಲು ಮರಳನ್ನು ಎಳೆದುಕೊಂಡು ಹೋಯಿತು. ಯಾವ ಪ್ರವಾಸಿಗರಿಗಾಗಿ ಹೋಟೆಲ್ ಕಟ್ಟಿದರೋ ಅವರು ನೋಡಲು ಬರುತ್ತಿದ್ದ ಬೀಚ್ ಹೋಟೆಲಿನ ಗೋಡೆಯೊಳಗೆ ಸೇರಿಹೋಯಿತು. ಈಗ ತೀರದುದ್ದಕ್ಕೂ ಕಾಂಕ್ರೀಟ್ ತಡೆಗೋಡೆಗಳು, ನಡುನಡುವೆ ಕರವಸ್ತ್ರದಷ್ಟು ಮರಳು. ಬುಕಿಂಗ್ ಫೋಟೋದಲ್ಲಿ ಇದನ್ನು ಬಹಳ ಜಾಣತನದಿಂದ ಮರೆ ಮಾಡುತ್ತಾರೆ.

ಹಾಗಾದರೆ ಯಾಕೆ ಹೋಗಬೇಕು? ಅನುಕೂಲಕ್ಕೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಈ ಪಟ್ಟಿಯಲ್ಲಿ ನನ್ನ ಓಟು ಇದಕ್ಕೇ. ಮುಖ್ಯ ರಸ್ತೆ ಮೇಲೇ ಊರಿದೆ, ಸಮತಟ್ಟು, ಅಂಗಡಿ ಇದೆ, ಔಷಧಿ ಸಿಗುತ್ತದೆ, ಜಿಲ್ಲಾ ಕೇಂದ್ರ ಅಮ್ಲಾಪುರ ಹತ್ತಿರ. ರೂಮುಗಳು ಎಲ್ಲ ಬಜೆಟ್ಟಿಗೂ ಇವೆ, ಅದೇ ದುಡ್ಡಿಗೆ ದಕ್ಷಿಣ ಬಾಲಿಗಿಂತ ದೊಡ್ಡ ರೂಮು ಸಿಗುತ್ತದೆ. ಮರಳು ಬೇಕೇ ಬೇಕು ಅಂದರೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿಯಲ್ಲಿ ಪಾಸಿರ್ ಪುತಿ ಇದೆ. ಬಿಳಿ ಮರಳು ಅಂತಲೇ ಅದರ ಅರ್ಥ, ಬೋರ್ಡಿನಲ್ಲಿ ವರ್ಜಿನ್ ಬೀಚ್ ಅಂತ ಇರುತ್ತದೆ. ಈ ಜಿಲ್ಲೆಯಲ್ಲಿ ನಮ್ಮ ಮಕ್ಕಳು ನಿಜವಾಗಿ ಗುಡ್ಡೆ ಕಟ್ಟಿ ಆಡುವಂಥ ಬೀಚ್ ಅಂದರೆ ಅದೇ.

ಇನ್ನೊಂದು ಕಾರಣ ತೆಂಗನಾನ್. ಚಂಡಿದಾಸದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಹಳ್ಳಿ. ಜಾವಾದಿಂದ ಮಜಪಹಿತ್ ಸಾಮ್ರಾಜ್ಯದ ಕಾಲದ ಪದ್ಧತಿಗಳು ಬರುವುದಕ್ಕಿಂತ ಹಿಂದಿನ ರೀತಿನೀತಿ ಉಳಿಸಿಕೊಂಡಿರುವ ಬಾಲಿ ಆಗಾ ಜನ ಇಲ್ಲಿದ್ದಾರೆ. ಅವರು ನೇಯುವ ಗೆರಿಂಗ್‌ಸಿಂಗ್ ಬಟ್ಟೆಯಲ್ಲಿ ಹಾಸಿನ ನೂಲು, ಹೊಕ್ಕಿನ ನೂಲು ಎರಡಕ್ಕೂ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಅದ್ದುತ್ತಾರೆ, ಆಮೇಲೆ ಮಗ್ಗದ ಮೇಲೆ ಒಂದಕ್ಕೊಂದು ಚಿತ್ತಾರ ಕೂಡಿಸುತ್ತಾರೆ. ಗುಜರಾತಿನ ಪಾಟಣದ ಪಟೋಲಾ ಗೊತ್ತಿದ್ದವರಿಗೆ ಥಟ್ಟನೆ ಅರ್ಥವಾಗುತ್ತದೆ. ಜಗತ್ತಿನಲ್ಲಿ ಈ ಕೆಲಸ ಮಾಡುವ ಜಾಗಗಳು ಬೆರಳೆಣಿಕೆಯಷ್ಟು. ಬಣ್ಣ ಹಿಡಿಸುವುದಕ್ಕೇ ವರ್ಷಗಟ್ಟಲೆ ಬೇಕಾಗುವುದರಿಂದ ಬೆಲೆ ಕೇಳಿದರೆ ಕೈ ಹಿಂದಕ್ಕೆ ಹೋಗುತ್ತದೆ. ಅಮ್ಮ ಬೆಲೆ ಕೇಳಿ, ಬಟ್ಟೆಯನ್ನು ಇನ್ನೊಂದು ಸಲ ಸವರಿ, ಮಡಿಸಿ ಕೊಟ್ಟರು. ಬಟ್ಟೆ, ನೇಯ್ಗೆಯಲ್ಲಿ ಆಸಕ್ತಿ ಇದ್ದರೆ ಬೆಳಿಗ್ಗೆ ಒಂದು ಹೊತ್ತು ಪೂರ್ತಿ ಅಲ್ಲಿಗೇ ಇಟ್ಟುಕೊಳ್ಳಿ.

ಪಡಾಂಗ್‌ಬಾಯ್ ಬಗ್ಗೆಯೂ ಕೇಳುತ್ತಾರೆ. ಅದು ಲೊಂಬೋಕ್ ಮತ್ತು ಗಿಲಿ ದ್ವೀಪಗಳಿಗೆ ದೋಣಿ ಹೊರಡುವ ಬಂದರು. ಬೆಳಗಿನ ದೋಣಿ ಹಿಡಿಯುವವರು ಒಂದು ರಾತ್ರಿ ಉಳಿಯಲಿ, ಅಷ್ಟೇ.

ತೀರ್ಥ ಗಂಗಾ

ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ, ಅಲ್ವಾ? ಅಲ್ಲಿ ದೇವಸ್ಥಾನದಲ್ಲಿ ಕೊಡುವ ನೀರಿಗೂ ತೀರ್ಥ ಅಂತಲೇ ಅನ್ನುತ್ತಾರೆ. ಕರಾಂಗಾಸೆಮ್‌ನ ಕೊನೆಯ ರಾಜರು 1946ರಲ್ಲಿ ಬುಗ್ಗೆಯ ನೀರಿನ ಸುತ್ತ ಕಟ್ಟಿಸಿದ ಕೊಳ, ಕಾರಂಜಿಗಳ ತೋಟ ಇದು. 1963ರ ಸ್ಫೋಟದಲ್ಲಿ ಹಾಳಾಗಿ ಮತ್ತೆ ಕಟ್ಟಿದ್ದು. ಕೊಳದೊಳಗೆ ಕಲ್ಲು ಹೆಜ್ಜೆಗಳ ಮೇಲೆ ನಡೆಯಬಹುದು, ಕಾಲಡಿ ದೊಡ್ಡ ದೊಡ್ಡ ಬಣ್ಣದ ಮೀನು. ಒಂದು ಕೊಳದಲ್ಲಿ ಈಜಲೂ ಬಿಡುತ್ತಾರೆ. ನೀರು ಮಂಜಿನ ಹಾಗೆ ತಣ್ಣಗಿರುತ್ತದೆ.

ಬಹಳ ಜನ ಒಂದು ಗಂಟೆ ನೋಡಿ ಮುಂದೆ ಹೋಗುತ್ತಾರೆ. ಉಳಿಯುವವರು ಕಡಿಮೆ. ಹಾಗಾಗಿಯೇ ಇಬ್ಬರೇ ಹೋಗುವವರಿಗೆ, ಎರಡೇ ರಾತ್ರಿ ಇರುವವರಿಗೆ ನಾನು ಇದನ್ನು ಹೇಳುತ್ತೇನೆ. ಬೆಳಿಗ್ಗೆ ಟೂರ್ ಕಾರುಗಳು ಬರುವ ಮೊದಲು ಕೊಳದ ಹತ್ತಿರ ನೀವಷ್ಟೇ. ಸುತ್ತ ಗದ್ದೆ, ಸಿಡೆಮೆನ್‌ನಷ್ಟೇ ಚೆಂದ. ಕಡಲು ಅರ್ಧ ಗಂಟೆ ದೂರ. ಪಶ್ಚಿಮಕ್ಕೆ ಹೋದರೆ ಸಿಬೆತಾನ್‌ನಲ್ಲಿ ಸಲಾಕ್ ಹಣ್ಣಿನ ತೋಟಗಳು. ಹಾವಿನ ಚರ್ಮದಂಥ ಸಿಪ್ಪೆ, ಒಳಗೆ ಬೆಳ್ಳುಳ್ಳಿ ಎಸಳಿನ ಹಾಗೆ ಮೂರು ತೊಳೆ. ಊಟದ ಜಾಗಗಳು ಬೆರಳೆಣಿಕೆ, ರೂಮುಗಳೂ ಅಷ್ಟೇ. ಐದು ಜನರ ಸಂಸಾರಕ್ಕೆ ಇದು ಚಿಕ್ಕದಾಗುತ್ತದೆ.

ಲೆಂಪುಯಾಂಗ್‌ಗೆ ಹೋಗುವವರಿಗೂ ಇದೇ ಹತ್ತಿರ. ಸ್ವರ್ಗದ ಬಾಗಿಲು ಅಂತ ಇನ್‌ಸ್ಟಾದಲ್ಲಿ ನೋಡಿರುತ್ತೀರಲ್ಲ, ಎರಡಾಗಿ ಸೀಳಿದಂತಿರುವ ಗೋಪುರದ ನಡುವೆ ಅಗುಂಗ್, ಕೆಳಗೆ ನೀರಿನಲ್ಲಿ ಅದರ ಪ್ರತಿಬಿಂಬ. ಅಲ್ಲಿ ನೀರೂ ಇಲ್ಲ, ಕೆರೆಯೂ ಇಲ್ಲ. ಫೋಟೋ ತೆಗೆಯುವವನು ನಿಮ್ಮ ಮೊಬೈಲ್ ಕೆಳಗೆ ಒಂದು ಸಣ್ಣ ಕನ್ನಡಿ ಹಿಡಿಯುತ್ತಾನೆ. ಆ ಒಂದು ಫೋಟೋಗೆ ಎರಡು ಮೂರು ಗಂಟೆ ಕ್ಯೂ. ನನ್ನ ಅಭಿಪ್ರಾಯ ಕೇಳಿದರೆ, ಕ್ಯೂ ಬಿಟ್ಟು ಮೇಲಿನ ದೇವಸ್ಥಾನಕ್ಕೆ ಹತ್ತಿ. ಸುಮಾರು 1,700 ಮೆಟ್ಟಿಲು. ಕ್ಯೂನಲ್ಲಿ ನಿಲ್ಲುವ ಹೊತ್ತಿನಲ್ಲಿ ಹತ್ತಿ ಇಳಿಯಬಹುದು. ಮೊಣಕಾಲು ನೋವಿರುವವರು ಕೆಳಗೇ ಇರಲಿ.

ಅಮೆಡ್

ಈಗ ಒಣ ಮಗ್ಗುಲಿಗೆ ಬಂದೆವು. ಅಮೆಡ್ ಅಂದರೆ ಒಂದು ಊರಲ್ಲ. ಅಮೆಡ್, ಜೆಮೆಲುಕ್, ಬುನುತಾನ್, ಲಿಪಾ, ಬನ್ಯುನಿಂಗ್ ಹೀಗೆ ಕಡಲಂಚಿನ ಸಾಲು ಹಳ್ಳಿಗಳಿಗೆಲ್ಲ ಪ್ರವಾಸಿಗರು ಇಟ್ಟ ಒಂದೇ ಹೆಸರು. ಒಂದು ಕೊಲ್ಲಿ, ಒಂದು ಗುಡ್ಡ, ಮತ್ತೊಂದು ಕೊಲ್ಲಿ. ಹತ್ತು ಕಿಲೋಮೀಟರಿಗೂ ಉದ್ದ. ಆದ್ದರಿಂದ "ಅಮೆಡ್‌ನಲ್ಲಿ ರೂಮು" ಅಂತ ಬುಕ್ ಮಾಡುವಾಗ ಯಾವ ಹಳ್ಳಿ ಅಂತ ಮ್ಯಾಪಿನಲ್ಲಿ ನೋಡಿ. ನಾವು ಮೊದಲ ಸಲ ನೋಡದೆ ದೂರದ ತುದಿಯಲ್ಲಿ ಹಿಡಿದು, ಪ್ರತಿ ಊಟಕ್ಕೂ ಎರಡು ಗುಡ್ಡ ಹತ್ತಿ ಇಳಿದೆವು. ಗಾಡಿ ಓಡಿಸದವರು ಜೆಮೆಲುಕ್‌ನಲ್ಲೇ ಉಳಿಯಿರಿ. ಅಲ್ಲಿ ಊಟ, ಡೈವಿಂಗ್ ಅಂಗಡಿ, ಕಡಲು ಎಲ್ಲ ಕಾಲ್ನಡಿಗೆಯಲ್ಲೇ.

ತೀರ ಕಪ್ಪು, ಬಹುತೇಕ ಉರುಟು ಕಲ್ಲು. ಗೋಕರ್ಣದ ಮರಳು ನೆನೆಸಿಕೊಂಡು ಹೋದರೆ ನಿರಾಶೆ ಖಂಡಿತ. ರಬ್ಬರ್ ಚಪ್ಪಲಿ ಸಾಲದು, ನೀರಿನ ಬೂಟು ಬೇಕು. ಆದರೆ ಮುಖವಾಡ ಹಾಕಿಕೊಂಡು ದಡದಿಂದ ಇಪ್ಪತ್ತು ಹೆಜ್ಜೆ ಒಳಗೆ ಹೋದರೆ ಹವಳ ಶುರು. ದೋಣಿ ಬೇಡ, ಟಿಕೆಟ್ ಬೇಡ. ಹಗಲೆಲ್ಲ ನೀರಲ್ಲಿದ್ದು, ಸಂಜೆ ಜೆಮೆಲುಕ್‌ನ ಮೇಲಿನ ತಿರುವಿನಲ್ಲಿ ನಿಂತರೆ ಸೂರ್ಯ ಅಗುಂಗ್‌ನ ಹಿಂದೆ ಇಳಿಯುತ್ತಾನೆ. ಬೆಳಗಿನ ಜಾವ ಹೋದ ಜುಕುಂಗ್‌ಗಳು, ಅಂದರೆ ಎರಡೂ ಪಕ್ಕಕ್ಕೆ ಬಿದಿರಿನ ತೋಳು ಕಟ್ಟಿದ ಸಣ್ಣ ದೋಣಿಗಳು, ಬಿಸಿಲು ಏರುವ ಹೊತ್ತಿಗೆ ಮೀನು ಹೊತ್ತು ಸಾಲಾಗಿ ವಾಪಸ್ ಬರುತ್ತವೆ.

ಉಪ್ಪು ಮಾಡುವುದನ್ನು ನೋಡಬೇಕಾದರೆ ಮಳೆಯಿಲ್ಲದ ತಿಂಗಳುಗಳಲ್ಲಿ, ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ. ಕಡಲ ನೀರನ್ನು ಮಣ್ಣಿನ ಮಡಿಗೆ ಚೆಲ್ಲಿ ಒಣಗಿಸಿ, ಆ ಮಣ್ಣನ್ನು ಬಿದಿರಿನ ಕುಕ್ಕೆಯಲ್ಲಿ ಸೋಸಿ, ಬಂದ ಗಟ್ಟಿ ಉಪ್ಪುನೀರನ್ನು ಕೊರೆದ ತೆಂಗಿನ ಕಾಂಡದೊಳಗೆ ಬಿಸಿಲಿಗೆ ಇಡುತ್ತಾರೆ. ನಮ್ಮ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಷ್ಟು ದೊಡ್ಡದಲ್ಲ, ಮನೆ ಮಟ್ಟದ ಕೆಲಸ. ಈ ಉಪ್ಪಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಮಡಿಗಳಿದ್ದ ಕಡಲಂಚಿನ ಜಾಗದಲ್ಲಿ ಈಗ ರೂಮುಗಳಿವೆ, ನಾವು ಉಳಿಯುವ ರೂಮುಗಳೇ.

ಇಪ್ಪತ್ತೈದು ನಿಮಿಷ ಮುಂದೆ ತುಲಾಂಬೆನ್. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಅಮೆರಿಕದ ಲಿಬರ್ಟಿ ಅನ್ನುವ ಸರಕು ಹಡಗಿಗೆ ಟಾರ್ಪಿಡೊ ಹೊಡೆಯಿತು. ಎಳೆದು ತಂದು ಈ ತೀರದಲ್ಲಿ ಬಿಟ್ಟರು. ಇಪ್ಪತ್ತೊಂದು ವರ್ಷ ದಡದಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ನಡುಗಿದಾಗ ಅದು ಉರುಳಿ ನೀರೊಳಗೆ ಹೋಯಿತು. ಈಗ ದಡದಿಂದ ಮೂವತ್ತು ಮೀಟರ್ ಈಜಿದರೆ ಹಡಗಿನ ಮೇಲಿರುತ್ತೀರಿ. ಅದರ ಮೈತುಂಬ ಹವಳ. ಮೇಲಿನ ಭಾಗ ಎಷ್ಟು ಹತ್ತಿರ ಅಂದರೆ ಡೈವಿಂಗ್ ಬರದವರಿಗೂ ಸುಮ್ನೆ ತೇಲುತ್ತಾ ಕಾಣುತ್ತದೆ. ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿಯಲ್ಲಿ ಹೋಗಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಮೊದಲ ಡೈವ್ ಮಾಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಇದು ಹಬ್ಬ. ದೋಣಿಯೇ ಬೇಡ, ನಡೆದುಕೊಂಡು ನೀರಿಗೆ ಇಳಿಯುವುದು. ಡೈವಿಂಗ್ ಕೋರ್ಸ್ ಮಾಡುವ ಯೋಚನೆ ಇದ್ದರೆ ಬೇರೆ ಊರು ನೋಡಲೇಬೇಡಿ, ಅಮೆಡ್‌ನಲ್ಲಿ ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ. ಡೈವ್ ಮಾಡಿದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು, ಒಂದು ಪೂರ್ತಿ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಅದೇ ದಿನ ಲೆಂಪುಯಾಂಗ್ ಬೆಟ್ಟ ಹತ್ತುವುದೂ ಬೇಡ.

ಖರ್ಚಿನ ಲೆಕ್ಕದಲ್ಲಿ ನಾಲ್ಕೂ ಊರಲ್ಲಿ ಇದೇ ಅಗ್ಗ ಅನಿಸಿತು. ಮೊದಲ ಸಲ ನಾವು ಹೋಂಸ್ಟೇಗೆ ರಾತ್ರಿಗೆ 3 ಲಕ್ಷ ರುಪಿಯಾ ಕೊಟ್ಟೆವು, ತಿಂಡಿ ಸೇರಿ. ಸ್ಕೂಟರ್ ಬಾಡಿಗೆ ಒಂದು ಲಕ್ಷದ ಒಳಗೆ. ಗಾಡಿ ಓಡಿಸದವರಿಗೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ, ಕಾರಿನ ಖರ್ಚು ರೂಮಿನ ಖರ್ಚನ್ನು ಮೀರುತ್ತದೆ. ವಯಸ್ಸಾದವರಿಗೆ ಅಮೆಡ್ ಬೇಡ. ಅಪ್ಪ ಒಂದು ದಿನ ಬಂದರು, ಕಲ್ಲಿನ ಮೇಲೆ ನಡೆಯಲಾಗದೆ ಇಡೀ ದಿನ ಹೋಟೆಲಿನ ಕುರ್ಚಿಯಲ್ಲಿ ಕೂತು ಕನ್ನಡ ಪೇಪರನ್ನು ಮೊಬೈಲಿನಲ್ಲಿ ಓದಿದರು.

ಊಟ

ಉಬುಡ್‌ನಲ್ಲಿ ಸಸ್ಯಾಹಾರ ಸುಲಭ. ಈ ಕಡೆ ಸ್ವಲ್ಪ ಬಾಯಿಬಿಟ್ಟು ಕೇಳಬೇಕು. ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ತೋಫು, ತರಕಾರಿಗೆ ಕಡಲೆಕಾಯಿ ಸಾರು ಹಾಕಿದ ಗಾಡೊ-ಗಾಡೊ, ತರಕಾರಿ ಹಾಕಿದ ನಾಸಿ ಚಂಪೂರ್ (ಅನ್ನದ ಜೊತೆ ನಾಲ್ಕಾರು ಪಲ್ಯ) ಎಲ್ಲ ಕಡೆ ಸಿಗುತ್ತದೆ. ಸಿಕ್ಕಿಬೀಳುವುದು ಚಟ್ನಿಯಲ್ಲಿ. ಅವರ ಸಂಬಾಲ್‌ಗೆ ತೆರಾಸಿ ಹಾಕುತ್ತಾರೆ, ಅದು ಸೀಗಡಿಯ ಪೇಸ್ಟು. ಪಕ್ಕದಲ್ಲಿ ಇಡುವ ಹಪ್ಪಳದಲ್ಲೂ ಸೀಗಡಿ ಇರಬಹುದು. "ತನ್‌ಪಾ ತೆರಾಸಿ, ತನ್‌ಪಾ ಇಕಾನ್, ತನ್‌ಪಾ ಆಯಾಮ್" ಅಂತ ಬಾಯಿಪಾಠ ಮಾಡಿಕೊಳ್ಳಿ. ತೆರಾಸಿ ಬೇಡ, ಮೀನು ಬೇಡ, ಕೋಳಿ ಬೇಡ. ಮೊಟ್ಟೆ ತಿನ್ನದವರು ತೆಲೂರ್ ಅನ್ನುವ ಪದವನ್ನೂ ಸೇರಿಸಿ. ಚಂಡಿದಾಸ ಮತ್ತು ಜೆಮೆಲುಕ್‌ನಲ್ಲಿ ಆಯ್ಕೆ ಜಾಸ್ತಿ. ಸಿಡೆಮೆನ್‌ನಲ್ಲಿ ಹೋಂಸ್ಟೇಯವರಿಗೆ ಹಿಂದಿನ ದಿನವೇ ಹೇಳಿದರೆ ಮನೆಯ ಅಡುಗೆ ಮಾಡಿಕೊಡುತ್ತಾರೆ, ಅದೇ ಈ ಪ್ರವಾಸದ ಒಳ್ಳೆ ಊಟವಾಗಿತ್ತು. ಜೊತೆಗೆ ಅಮ್ಮನ ಚಟ್ನಿಪುಡಿ ಡಬ್ಬಿ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಜ್ವಾಲಾಮುಖಿ ಹೆದರಿಕೆ

ಮನೆಯವರು ಕೇಳಿಯೇ ಕೇಳುತ್ತಾರೆ. 2017ರ ಸೆಪ್ಟೆಂಬರ್‌ನಲ್ಲಿ ಅಗುಂಗ್‌ಗೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಕೊಟ್ಟು ಲಕ್ಷಕ್ಕೂ ಜಾಸ್ತಿ ಜನರನ್ನು ಸ್ಥಳಾಂತರ ಮಾಡಿದ್ದರು. ನವೆಂಬರ್‌ನಲ್ಲಿ ಬೂದಿ ಎದ್ದು ವಿಮಾನ ನಿಲ್ದಾಣವೇ ಮುಚ್ಚಿತು. ಇಂಡೋನೇಷ್ಯಾದ ಸರ್ಕಾರಿ ಸಂಸ್ಥೆ ಒಂದರಿಂದ ನಾಲ್ಕರವರೆಗಿನ ಹಂತಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಹೊರಡುವ ವಾರ ಅದನ್ನು ನೋಡಿಕೊಳ್ಳಿ. ಊರು ಆರಿಸುವಾಗ ಇದನ್ನು ತಕ್ಕಡಿಗೆ ಹಾಕಬೇಕಾಗಿಲ್ಲ. ಬೂದಿ ಎದ್ದರೆ ನಾಲ್ಕೂ ಊರಿಗೆ ತೊಂದರೆಯೇ. ವಿಮಾನ ರದ್ದಾದರೆ ದುಡ್ಡು ಕೊಡುವ ಇನ್ಶೂರೆನ್ಸ್ ಮಾತ್ರ ಮಾಡಿಸಿ.

ಯಾರಿಗೆ ಯಾವುದು

ಅಪ್ಪ ಅಮ್ಮನ ಜೊತೆ ಹೋಗುವವರು ಚಂಡಿದಾಸದಲ್ಲೇ ಎಲ್ಲ ರಾತ್ರಿ ಉಳಿಯಿರಿ. ಅಲ್ಲಿಂದ ಒಂದು ದಿನ ಬೆಸಾಕಿ, ಒಂದು ದಿನ ತೀರ್ಥ ಗಂಗಾ ನೋಡಿ ಬನ್ನಿ. ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸ ಒಂದೇ ಸಲ. ಮಕ್ಕಳಿದ್ದರೆ ಸಿಡೆಮೆನ್‌ಗೆ ಒಂದೇ ರಾತ್ರಿ ಸಾಕು. ಹೊಸದಾಗಿ ಮದುವೆಯಾದವರು ಸಿಡೆಮೆನ್ ಎರಡು, ಅಮೆಡ್ ಎರಡು ಅಂತ ಹಂಚಿಕೊಳ್ಳಿ. ಮೊದಲು ಸಿಡೆಮೆನ್, ಆಮೇಲೆ ಅಮೆಡ್. ಡೈವ್ ಮಾಡುವುದಿದ್ದರೆ ಮಾತ್ರ ಇದನ್ನು ಉಲ್ಟಾ ಮಾಡಿ, ಕೊನೆಯ ದಿನಗಳು ಒಣನೆಲದಲ್ಲಿ ಕಳೆಯಲಿ. ಡಿಸೆಂಬರ್, ಜನವರಿಯಲ್ಲಿ ರಜೆ ಸಿಕ್ಕವರು ಸಿಡೆಮೆನ್‌ನ ರಾತ್ರಿಗಳನ್ನು ಕಡಿಮೆ ಮಾಡಿ ಅಮೆಡ್‌ಗೆ ಕೊಡಿ, ಆ ಮಗ್ಗುಲಿಗೆ ಮಳೆ ಕಾಟ ಕಮ್ಮಿ. ಒಬ್ಬರೇ, ಕೈಯಲ್ಲಿ ಕಾಸು ಕಡಿಮೆ, ಗಾಡಿ ಓಡಿಸಲು ಬರುತ್ತದೆ, ಲೈಸೆನ್ಸ್ ಇದೆ ಅಂದರೆ ಅಮೆಡ್, ಎರಡನೇ ಮಾತೇ ಇಲ್ಲ.

ವೀಸಾ ಅಲ್ಲೇ ಇಳಿದ ಮೇಲೆ ಸಿಗುತ್ತದೆ, 30 ದಿನಕ್ಕೆ 5 ಲಕ್ಷ ರುಪಿಯಾ. ಆನ್‌ಲೈನಲ್ಲಿ ಮೊದಲೇ ಮಾಡಿಕೊಂಡರೆ ಕ್ಯೂ ತಪ್ಪುತ್ತದೆ. 2024ರ ಫೆಬ್ರವರಿಯಿಂದ ಬಾಲಿಯ ಪ್ರವಾಸಿ ಶುಲ್ಕ ಬೇರೆ, ತಲೆಗೆ ಒಂದೂವರೆ ಲಕ್ಷ.

ಕೊನೆಗೆ ದಿನಾಂಕದ ವಿಷಯ, ಇದನ್ನು ಕನ್ನಡದವರಿಗೆ ವಿಶೇಷವಾಗಿ ಹೇಳಬೇಕು. ಬಾಲಿಯವರದ್ದೂ ಶಕ ವರ್ಷದ ಲೆಕ್ಕವೇ. ಅವರ ಹೊಸ ವರ್ಷ ನ್ಯೇಪಿ. ಅದೂ ಅಮಾವಾಸ್ಯೆಯ ಮಾರನೇ ದಿನ. ಹಾಗಾಗಿ ಎಷ್ಟೋ ಸಲ ಅದು ನಮ್ಮ ಯುಗಾದಿಯ ಪಕ್ಕದಲ್ಲೇ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೆ ಬಂದವು, 2026ರಲ್ಲಿ ಎರಡೂ ಮಾರ್ಚ್ 19ಕ್ಕೆ. ನಮಗೆ ಹಬ್ಬ ಅಂದರೆ ಹೋಳಿಗೆ, ಗದ್ದಲ. ಅವರಿಗೆ ಅವತ್ತು ಮೌನ. ವಿಮಾನ ನಿಲ್ದಾಣ 24 ಗಂಟೆ ಬಂದ್, ಅಂಗಡಿ ಬಂದ್, ಮೊಬೈಲ್ ಡೇಟಾ ಬಂದ್, ಪ್ರವಾಸಿಗರೂ ಹೋಟೆಲ್ ಗೇಟಿನಿಂದ ಹೊರಗೆ ಕಾಲಿಡುವ ಹಾಗಿಲ್ಲ, ರಾತ್ರಿ ದೀಪ ಹಾಕುವ ಹಾಗಿಲ್ಲ. ಯುಗಾದಿ ರಜೆಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲೇ ನ್ಯೇಪಿ ಯಾವತ್ತು ಅಂತ ನೋಡಿ. ಆ ಒಂದು ದಿನ ಅಲ್ಲೇ ಸಿಕ್ಕಿಬೀಳುವುದಾದರೆ ಸಿಡೆಮೆನ್‌ನಲ್ಲಿ ಸಿಕ್ಕಿಬೀಳಿ. ವರಾಂಡ ಇರುವ ರೂಮು ಹಿಡಿಯಿರಿ, ಊಟಕ್ಕೆ ಮೊದಲೇ ಹೇಳಿಡಿ. ದೀಪವೇ ಇಲ್ಲದ ಆ ಕಣಿವೆಯಲ್ಲಿ ನಕ್ಷತ್ರ ನೋಡುವುದಕ್ಕೆ ಕುತ್ತಿಗೆ ನೋಯುವಷ್ಟು ಹೊತ್ತು ಸಿಗುತ್ತದೆ.